ಖಾಲಿ ಡಬ್ಬದ ಲೆಕ್ಕ

ಟಿಲ್ಬರ್ಗ್, ನೆದರ್ಲೆಂಡ್ಸ್
ಭಾನುವಾರ, 23 ಮಾರ್ಚ್ 2025

ಪ್ರೀತಿಯ ಅಮ್ಮನಿಗೆ,

ನಾನು ಇಲ್ಲಿ ಚೆನ್ನಾಗಿದ್ದೀನಿ. ಅಪ್ಪನ ಮಂಡಿನೋವು, ಅಜ್ಜಿಯ ಕೆಮ್ಮು ಎರಡೂ ಒಂದು ಹದಕ್ಕೆ ಬಂದಿರಬೇಕು ಅಂದ್ಕೊಂಡಿದ್ದೀನಿ. ಕೆಲಸ ಸಿಕ್ತು ಅಂತ ಬುಧವಾರ ಹೇಳಿದಾಗ ನೀನು ಅಳೋಕೆ ಶುರುಮಾಡಿದೆ, ಅಪ್ಪ ಫೋನ್ ಇಸ್ಕೊಂಡು "ಅದೇನು ಕೆಲಸಾನಮ್ಮ?" ಅಂದ್ರು. ಡಿಮ್ಯಾಂಡ್ ಪ್ಲಾನರ್ ಅಂದೆ. "ಯಾರ ಹತ್ರ ಏನು ಡಿಮ್ಯಾಂಡ್ ಮಾಡೋದು?" ಅಂತ ಅವರು ಕೇಳೋದಕ್ಕೂ ಲೈನ್ ಕಟ್ಟಾಗೋದಕ್ಕೂ ಸರಿಹೋಯ್ತು. ನೀನು ಎದುರುಮನೆಯವರಿಗೆ "ಬಿಸ್ಕತ್ ಕಂಪನೀಲಿ ಏನೋ ಲೆಕ್ಕ ಬರೆಯೋದಂತೆ" ಅಂದಿದ್ದೀಯಂತೆ, ತಮ್ಮ ಹೇಳಿದ. ಅದು ಪೂರ್ತಿ ತಪ್ಪೇನಲ್ಲ. ಆದ್ರೂ ಬರೆದೇ ಬಿಡೋಣ ಅಂತ ಕೂತೆ. ತಮ್ಮ ಪ್ರಿಂಟ್ ತೆಗೆಸಿ ಕೊಡ್ತಾನೆ, ಮಧ್ಯಾಹ್ನ ಊಟ ಆದ್ಮೇಲೆ ನಿಧಾನಕ್ಕೆ ಓದು.

ಅಂಗಡಿಗಳು ಮುಂದಿನ ತಿಂಗಳು, ಅದರಾಚೆ ತಿಂಗಳು ಯಾವ ಬಿಸ್ಕತ್ ಎಷ್ಟು ಪೆಟ್ಟಿಗೆ ಕೇಳಬಹುದು ಅಂತ ಮೊದಲೇ ಅಂದಾಜು ಹಾಕಿ ಫ್ಯಾಕ್ಟರಿಗೆ ತಿಳಿಸೋದು ನನ್ನ ಕೆಲಸ. ಹೆಚ್ಚು ಹೇಳಿದ್ರೆ ಮಾಲು ಗೋದಾಮಲ್ಲಿ ಕೂತು ತಾರೀಖು ಮುಗಿಯುತ್ತೆ, ಕಮ್ಮಿ ಹೇಳಿದ್ರೆ ಅಂಗಡಿಯ ಕಪಾಟು ಖಾಲಿ. ನೂರು ಪೆಟ್ಟಿಗೆ ಅಂದು ಎಂಬತ್ತೇ ಹೋದ್ರೆ, ಹೆಚ್ಚಾದ ಇಪ್ಪತ್ತನ್ನ ಹೋದ ಎಂಬತ್ತರ ಮೇಲೆ ಲೆಕ್ಕ ಹಾಕಿ ನನ್ನ ತಪ್ಪು ಶೇಕಡಾ 25 ಅಂತ ಬರ್ಕೋತಾರೆ. ಅಪ್ಪನಿಗೆ ಹೀಗೆ ಹೇಳು: ಅವರು ಇವತ್ತು ಅಟ್ಟಕ್ಕೆ ಏರಿಸಿದ ಕಾಯಿ ಉಂಡೆ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು, ಅಷ್ಟರಲ್ಲಿ ತಿಪಟೂರು ಮಾರ್ಕೆಟ್ ಹೇಗಿರುತ್ತೋ ಅಂತ ಇವತ್ತೇ ಯೋಚಿಸ್ತಾರಲ್ಲ, ಅದೇ ತಲೆನೋವಿಗೆ ಇಲ್ಲಿ ಸಂಬಳ ಕೊಡ್ತಾರೆ.

ಈಗ ಇಷ್ಟು ದಿನ ನಿನ್ನ ಹತ್ರ ಮುಚ್ಚಿಟ್ಟಿದ್ದು. ಸೆಪ್ಟೆಂಬರಿಂದ ನೀನು "ಆಯ್ತಾ?" ಅಂತ ಕೇಳಿದಾಗೆಲ್ಲ "ಮಾತುಕತೆ ನಡೀತಿದೆ" ಅಂತಿದ್ನಲ್ಲ, ಎಷ್ಟೋ ಸಲ ಯಾವ ಮಾತೂ ಇರಲಿಲ್ಲ, ಕತೆ ಮಾತ್ರ. ಓದು ಮುಗಿಸಿದವರಿಗೆ ಇಲ್ಲಿ ಕೆಲಸ ಹುಡುಕೋಕೆ ಅಂತ ಒಂದು ವರ್ಷದ ಪರವಾನಗಿ ಕೊಡ್ತಾರೆ, ಜೂಕ್‌ಯಾರ್ ಅಂತಾರೆ, ಹುಡುಕೋ ವರ್ಷ ಅಂತಲೇ ಅರ್ಥ. ಆ ವರ್ಷದಲ್ಲಿ ಎಲ್ಲಿ ಬೇಕಾದ್ರೂ ದುಡೀಬಹುದು. ಅದು ಮುಗಿದ ಮೇಲೂ ಇರಬೇಕು ಅಂದ್ರೆ ಹೊರದೇಶದವರನ್ನ ಇಟ್ಕೊಳ್ಳೋಕೆ ಸರ್ಕಾರದ ಮಾನ್ಯತೆ ಇರೋ ಕಂಪನಿಯೇ ಸಿಗಬೇಕು, ಸಂಬಳವೂ ಒಂದು ಮಟ್ಟ ದಾಟಬೇಕು. ಈ ವರ್ಷ ಮೂವತ್ತರ ಒಳಗಿನವರಿಗೆ ಆ ಮಟ್ಟ ತಿಂಗಳಿಗೆ 4,171 ಯೂರೋ. ನನ್ನ ಹಾಗೆ ಹುಡುಕೋ ವರ್ಷದಿಂದ ಬಂದವರಿಗೆ 2,989. ಆ ರಿಯಾಯಿತಿ ಇಲ್ಲದಿದ್ರೆ ಹೊಸಬರನ್ನ ಯಾರೂ ಹತ್ರ ಸೇರಿಸಲ್ಲ.

ಟಿಲ್ಬರ್ಗ್, ವಾಲ್‌ವೈಕ್, ವೆನ್ಲೋ, ಈ ಕಡೆಯೆಲ್ಲ ಊರು ಮುಗಿದಲ್ಲಿಂದ ಗೋದಾಮೇ ಗೋದಾಮು. ರಾಟರ್‌ಡ್ಯಾಮ್ ಬಂದರಿಗೆ ಇಳಿದ ಮಾಲು ಜರ್ಮನಿಗೆ ಹೋಗೋ ದಾರಿ ಇದು. ಇಷ್ಟು ಗೋದಾಮಿರೋ ಕಡೆ ಸಪ್ಲೈ ಚೈನ್ ಓದಿದವಳಿಗೆ ಕೆಲಸಕ್ಕೇನು ಬರ ಅಂದ್ಕೊಂಡಿದ್ದೆ. ಗೋದಾಮಿನ ಒಳಗಿನ ಕೆಲಸಕ್ಕೆ ಬರ ಇಲ್ಲ, ನಿಜ. ಅಕ್ಟೋಬರಿಂದ ಜನವರಿವರೆಗೆ ನಾನು ಮಾಡಿದ್ದೂ ಅದನ್ನೇ, ಬೈಬೇಡ. ಏಜೆನ್ಸಿ ಮೂಲಕ ರಾತ್ರಿ ಪಾಳಿ. ಮುಂಗೈಗೆ ಪುಟ್ಟ ಸ್ಕ್ರೀನು, ಬೆರಳಿಗೆ ಸ್ಕ್ಯಾನರು. ಯಾವ ಸಾಲು, ಯಾವ ಗೂಡು ಅಂತ ಅದು ತೋರಿಸುತ್ತೆ, ಹೋಗಿ ತೆಗೆದು ಬೀಪ್ ಅನ್ನಿಸಬೇಕು. ಡಿಸೆಂಬರ್ 5ರ ಸಿಂಟರ್‌ಕ್ಲಾಸ್ ಹಬ್ಬಕ್ಕೆ ಅಂತ ಚಿಕ್ಕ ಮಸಾಲೆ ಬಿಸ್ಕತ್ ಇಲ್ಲಿ ಆಗಸ್ಟ್ ಕೊನೆಗೇ ಅಂಗಡಿಗೆ ಬಂದುಬಿಡುತ್ತೆ. ನವೆಂಬರಲ್ಲಿ ಅದರ ಚೀಲ ಎತ್ತೀ ಎತ್ತೀ ನನ್ನ ಕೋಟಿಗೆಲ್ಲ ದಾಲ್ಚಿನ್ನಿ ವಾಸನೆ. ಒಂದು ರಾತ್ರಿ ಒಂದು ಗೂಡಿನ ಮುಂದೆ ಮೂರು ಸಲ ಹೋಗಿ ಮೂರು ಸಲವೂ ಖಾಲಿ ನೋಡಿ ವಾಪಸ್ ಬಂದೆ. ಇದನ್ನ ನೆನಪಿಟ್ಕೋ, ಆಮೇಲೆ ಬೇಕಾಗುತ್ತೆ.

ಹಗಲು ಅರ್ಜಿ. ಒಟ್ಟು ತೊಂಬತ್ಮೂರು ಹಾಕಿದೆ. ಮೊದಲು "ಡಿಮ್ಯಾಂಡ್ ಪ್ಲಾನರ್" ಅಂತ ಮಾತ್ರ ಹುಡುಕ್ತಿದ್ದೆ. ಒಂದೇ ಕೆಲಸಕ್ಕೆ ಒಬ್ಬೊಬ್ಬರು ಒಂದೊಂದು ಹೆಸರಿಡ್ತಾರೆ ಅಂತ ಗೊತ್ತಾಗೋಕೆ ಎರಡು ತಿಂಗಳು ಬೇಕಾಯ್ತು: ಫೋರ್‌ಕಾಸ್ಟ್ ಅನಲಿಸ್ಟ್, ಎಸ್ ಅಂಡ್ ಓಪಿ (ಮಾರಾಟ, ತಯಾರಿಕೆ ಎರಡನ್ನೂ ಹೊಂದಿಸೋದು) ಅನಲಿಸ್ಟ್, ಕೆಲವು ಕಡೆ ಬರೀ ಸಪ್ಲೈ ಚೈನ್ ಪ್ಲಾನರ್. ಪೀಣ್ಯದಲ್ಲಿ ಮೂರು ವರ್ಷ ಮಾಡಿದ ಕೆಲಸವನ್ನ ಬಯೋಡೇಟಾದಲ್ಲಿ "ಆರ್ಡರ್ ಪ್ರೊಸೆಸಿಂಗ್" ಅಂತ ಬರೆದಿದ್ದೆ. ಡೀಲರ್‌ಗಳಿಗೆ ಫೋನ್ ಮಾಡಿ ಮುಂದಿನ ತಿಂಗಳ ಬೇಡಿಕೆ ಕೇಳ್ತಿದ್ದವಳು, ಎಕ್ಸೆಲ್‌ನಲ್ಲಿ ಅಂದಾಜು ಹಾಕ್ತಿದ್ದವಳು ನಾನೇ, ಅದನ್ನ ಬರೆದೇ ಇರಲಿಲ್ಲ! ಅದನ್ನ ಬಿಡಿಸಿ ಬರೆದ ಮೇಲೇ ಕರೆಗಳು ಬರೋಕೆ ಶುರುವಾದದ್ದು. ತಮ್ಮನಿಗೂ ಇದನ್ನ ಹೇಳು, ಅವನ ಬಯೋಡೇಟಾದಲ್ಲಿ ಹವ್ಯಾಸಗಳೇ ಅರ್ಧ ಪುಟ ಇವೆ.

ಬೇಡ ಅನ್ನೋ ಮೇಲ್‌ಗಳಲ್ಲಿ "ಹೆಲಾಸ್" ಅಂತ ಒಂದು ಪದ ಇರುತ್ತೆ, ವಿಷಾದದ ಮಾತು. ಡಚ್ಚಲ್ಲಿ ನಾನು ಧನ್ಯವಾದಕ್ಕಿಂತ ಮುಂಚೆ ಕಲಿತ ಪದ ಅದು. ಮೇಲ್ ಬಂದ ತಕ್ಷಣ ಕಣ್ಣು ಅದನ್ನೇ ಹುಡುಕ್ತಿತ್ತು, ಸಿಕ್ಕಿದ್ರೆ ಮುಂದೆ ಓದ್ತಿರಲಿಲ್ಲ. ಅಂಗಡಿಯವರ ಹತ್ರ ಮಾತಾಡಬೇಕು, ಡಚ್ ಬೇಕೇ ಬೇಕು ಅಂದವರು ತುಂಬಾ ಜನ. ಅವರ ಮೇಲೆ ನಂಗೆ ಕೋಪ ಇಲ್ಲ, ಕನ್ನಡ ಬಾರದವರನ್ನ ತಿಪಟೂರು ಮಂಡೀಲಿ ಕೂರಿಸಿದ್ರೆ ಏನು ಮಾಡ್ತಾರೆ? ಕೋಪ ಇರೋದು ಒಂದೇ ಕಂಪನಿ ಮೇಲೆ. ಮೂರು ಸುತ್ತು ಮಾತಾಡಿಸಿ, ಕೈ ಕುಲುಕಿ, ಹತ್ತು ದಿನ ಆದ್ಮೇಲೆ "ನಮಗೆ ಆ ಮಾನ್ಯತೆ ಇಲ್ಲ" ಅಂದ್ರು. ಮಾನ್ಯತೆ ಇರೋರ ಪಟ್ಟಿ ಸರ್ಕಾರದ ವೆಬ್‌ಸೈಟಲ್ಲೇ ಇದೆ. ಮೊದಲು ಅದನ್ನ ನೋಡಬೇಕಾದವಳು ನಾನೂ ಹೌದು ಬಿಡು. ಆವತ್ತು ರಾತ್ರಿ ಪಾಳಿಗೆ ಹೋಗಲಿಲ್ಲ, ಅನ್ನ ಸಾರು ಮಾಡ್ಕೊಂಡು ತಿಂದು ಮಲಗಿದೆ.

ಈಗಿನ ಕಂಪನಿ ಫೆಬ್ರವರಿಯಲ್ಲಿ ಕರೆದು, ಲ್ಯಾಪ್‌ಟಾಪ್ ಕೊಟ್ಟು, ಒಂದು ಬಿಸ್ಕತ್ತಿನ ಮೂರು ವರ್ಷದ ಮಾರಾಟದ ಅಂಕಿ ತೆರೆದಿಟ್ರು. ಮೂವತ್ತಾರು ತಿಂಗಳು, ಮುಂದಿನ ಮೂರು ತಿಂಗಳು ಹೇಳು, ಒಂದು ಗಂಟೆ ಟೈಮು. ನಡುವೆ ಎರಡು ತಿಂಗಳು ಸೊನ್ನೆ ಇತ್ತು. ಸರಾಸರಿ ಹಾಕಿ ಮುಗಿಸೋದರಲ್ಲಿದ್ದೆ, ಆಗ ನೀನು ನೆನಪಾದೆ ಅಮ್ಮ. ಬಸ್ ಸ್ಟ್ಯಾಂಡ್ ಅಂಗಡಿಗೆ ನೀನು ಚಕ್ಕುಲಿ ಹಾಕ್ತಿದ್ದಾಗ, ಒಂದು ದೀಪಾವಳಿ ವಾರ ಮಂಗಳವಾರಕ್ಕೇ ಡಬ್ಬ ಖಾಲಿಯಾಗಿತ್ತು. ಮುಂದಿನ ವಾರ ಅವನು ಪುಸ್ತಕ ತೋರಿಸಿ "ಬುಧವಾರದಿಂದ ಒಂದೂ ಹೋಗಿಲ್ಲಕ್ಕ, ಈ ವಾರ ಅರ್ಧ ಸಾಕು" ಅಂದ. ನೀನು ಸೆರಗು ಸಿಗಿಸ್ಕೊಂಡು "ಡಬ್ಬದಲ್ಲಿ ಇದ್ರೆ ತಾನೆ ಹೋಗೋದು? ಕೇಳಿಕೊಂಡು ಬಂದು ಬರಿಗೈಲಿ ಹೋದವರನ್ನ ಯಾವ ಪುಸ್ತಕದಲ್ಲಿ ಬರೆದಿದ್ದೀಯ?" ಅಂದೆ. ನಾನು ಏಳನೇ ಕ್ಲಾಸು, ಪಕ್ಕದಲ್ಲೇ ನಿಂತಿದ್ದೆ. ಆ ಖಾಲಿ ಗೂಡೂ ಕಣ್ಮುಂದೆ ಬಂತು. ಕೈಯೆತ್ತಿ ಕೇಳಿದೆ, ಈ ಎರಡು ತಿಂಗಳು ಯಾರೂ ಕೇಳಲಿಲ್ವಾ, ನಿಮ್ಮ ಹತ್ರ ಮಾಲು ಇರಲಿಲ್ವಾ? ಎದುರಿಗಿದ್ದ ಇಬ್ಬರೂ ಮುಖ ನೋಡ್ಕೊಂಡ್ರು. ಮೆಷಿನ್ ಕೆಟ್ಟು ಆ ಬಿಸ್ಕತ್ ನಿಂತೇ ಹೋಗಿತ್ತಂತೆ. ಮಾರಾಟ ಬೇರೆ, ಬೇಡಿಕೆ ಬೇರೆ. ಆ ಸೊನ್ನೆಗಳನ್ನ ತೆಗೆದು, ಹಿಂದುಮುಂದಿನ ತಿಂಗಳು ನೋಡಿ ತುಂಬಿ, ಆಮೇಲೆ ಲೆಕ್ಕ ಹಾಕಿದೆ.

ಪೂರ್ತಿ ಗೆದ್ದೆ ಅಂದ್ಕೋಬೇಡ. ಹೋದ ವರ್ಷ ಮಾರ್ಚಲ್ಲಿ ಮಾರಾಟ ಏರಿತ್ತು, ಈ ಮಾರ್ಚಿಗೂ ಹಾಗೇ ಬರೆದೆ. "ಈಸ್ಟರ್ ಯಾವಾಗ?" ಅಂದ್ರು. 2024ರಲ್ಲಿ ಅದು ಮಾರ್ಚ್ 31, ಈ ಸಲ ಏಪ್ರಿಲ್ 20. ಹಬ್ಬ ಜರುಗಿದ್ರೆ ಮಾರಾಟವೂ ಜರುಗುತ್ತೆ ತಾನೆ? ಹೋದ ವರ್ಷದ ಯುಗಾದಿ ಏಪ್ರಿಲ್ 9, ಈ ವರ್ಷದ್ದು ಮಾರ್ಚ್ 30 ಅಂತ ನಿದ್ದೆಯಲ್ಲಿ ಎಬ್ಬಿಸಿದ್ರೂ ಹೇಳೋ ಮನೆಯವಳು ನಾನು, ಅವರ ಹಬ್ಬದ ಹತ್ರ ಎಡವಿದೆ. ಕಿವಿ ಬಿಸಿಯಾಯ್ತು. ಆದ್ರೂ ಕೊಟ್ರು.

ಸಂಬಳ ತಿಂಗಳಿಗೆ 3,200 ಯೂರೋ, ತೆರಿಗೆ ಹಿಡಿಯೋದಕ್ಕೆ ಮುಂಚೆ. ರೂಪಾಯಿಗೆ ಗುಣಿಸಿ ಯಾರ ಹತ್ರಾನೂ ಹೇಳ್ಬೇಡ, ಬಾಡಿಗೆ ಕೇಳಿದ್ರೆ ಅವರಿಗೇ ಪಾಪ ಅನ್ನಿಸುತ್ತೆ. ಒಂದು ವರ್ಷದ ಕರಾರು, ಮೊದಲ ತಿಂಗಳು ಪರೀಕ್ಷೆಯ ಅವಧಿ. ಬ್ಯಾಂಕಿನ ಸಾಲದ ಕಂತು ಸೆಪ್ಟೆಂಬರಿಂದ ನಾನೇ ಕಟ್ತೀನಿ. ಅಲ್ಲಿವರೆಗೆ ಅಪ್ಪ ಅಟ್ಟದ ಕಾಯಿ ಅವಸರಕ್ಕೆ ಇಳಿಸೋದು ಬೇಡ, ರೇಟು ನೋಡ್ಕೊಂಡೇ ಇಳಿಸಲಿ.

ಏಪ್ರಿಲ್ 1ಕ್ಕೆ ಸೇರ್ತಿದ್ದೀನಿ. ಏಪ್ರಿಲ್ 26ಕ್ಕೆ ಇಲ್ಲಿ ರಾಜನ ಹುಟ್ಟುಹಬ್ಬದ ಆಚರಣೆ. ನಿಜವಾದ ದಿನ 27, ಅದು ಭಾನುವಾರ ಬಿದ್ದಿದೆ ಅಂತ ಒಂದು ದಿನ ಹಿಂದಕ್ಕೆ ತಂದಿದ್ದಾರೆ. ತಿಂಡಿಗೂ ಕಿತ್ತಳೆ ಬಣ್ಣ, ಬಟ್ಟೆಗೂ ಕಿತ್ತಳೆ ಬಣ್ಣ. ಈ ಸಲ ತಾರೀಖು ಮೊದಲೇ ಬರೆದು ಗೋಡೆಗೆ ಅಂಟಿಸಿದ್ದೀನಿ.

ಬೇವಿನ ಹೂವು ಇಲ್ಲಿ ಸಿಗಲ್ಲ, ಕಹಿಗೆ ಮೆಂತ್ಯ ಹಾಕ್ಕೋತೀನಿ. ಯುಗಾದಿ ದಿನವೇ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತೆ, ನಮ್ಮಿಬ್ಬರ ನಡುವೆ ನಾಲ್ಕೂವರೆ ಗಂಟೆ ಇದ್ದದ್ದು ಮೂರೂವರೆ ಆಗುತ್ತೆ. ನೀನು ಹನ್ನೊಂದಕ್ಕೆ ಒಬ್ಬಟ್ಟು ತಟ್ಟೋಕೆ ಕೂತಾಗ ನಂಗೆ ಏಳೂವರೆ, ಎದ್ದಿರ್ತೀನಿ. ಫೋನನ್ನ ಉಪ್ಪಿನ ಡಬ್ಬಕ್ಕೆ ಒರಗಿಸಿಟ್ಟು ವೀಡಿಯೋ ಕಾಲ್ ಮಾಡು, ಹೋದ ಸಲದ ಹಾಗೆ ಸೂರು ತೋರಿಸ್ಬೇಡ.

ನಿನ್ನ ಮಗಳು