ಸೋರುವ 12 ರೈನ್ ಜಾಕೆಟ್ಟುಗಳು: ‘ಅದು ನಿಮ್ಮ ಬೆವರು’ ಎಂಬ ಉತ್ತರದ ಬಗ್ಗೆ ದೂರು

ಬೆಂಗಳೂರು
14 ಜುಲೈ 2025

ಗೆ,
ಗ್ರಾಹಕ ಕುಂದುಕೊರತೆ ಅಧಿಕಾರಿಗಳು,
ಆನ್‌ಲೈನ್ ಮಾರಾಟ ವಿಭಾಗ

ವಿಷಯ: ಚಾರಣಕ್ಕೆಂದು ಮಾರಿದ ರೈನ್ ಜಾಕೆಟ್ಟುಗಳು ಹೊಲಿಗೆ, ಲೋಗೊ ಮತ್ತು ಜಿಪ್‌ನಲ್ಲಿ ಸೋರುತ್ತಿರುವುದು, ಹಣ ವಾಪಸಾತಿ ಹಾಗೂ ಜಾಹೀರಾತು ತಿದ್ದುಪಡಿ ಕೋರಿ.

ಮಾನ್ಯರೇ,

ನಮ್ಮ ಚಾರಣ ತಂಡದ ಸ್ವಂತ ಬಳಕೆಗೆ ತಮ್ಮ ವೆಬ್‌ಸೈಟಿನಲ್ಲಿ ತಲಾ ₹3,499ರಂತೆ 12 ಜಾಕೆಟ್ ಕೊಂಡಿದ್ದೆವು. ಜೂನ್ 12ಕ್ಕೆ ಕೈಸೇರಿದವು. ಭುಜ, ಎದೆ, ಕಂಕುಳಲ್ಲಿ ನೀರು ಒಳಬರುತ್ತಿದೆಯೆಂದು ಜೂನ್ 28ರಂದು ಫೋಟೊ ಸಮೇತ ದೂರು ಕೊಟ್ಟೆವು. ಜುಲೈ 2ರಂದು ಮೂರು ಸಾಲಿನ ಉತ್ತರ ಬಂತು: ಒಳಗಿನ ತೇವ ಮಳೆನೀರಲ್ಲ, ತೊಟ್ಟವರ ಬೆವರು, ಬಟ್ಟೆ ನೀರಿನ ಒತ್ತಡ ತಡೆಯುವ 10,000 ಮಿ.ಮೀ. ಪರೀಕ್ಷೆ ಪಾಸಾಗಿದೆ, ಒಮ್ಮೆ ಒಗೆದಿರುವುದರಿಂದ ವಾರಂಟಿ ಸಿಗುವುದಿಲ್ಲ. ಇಷ್ಟು ಬರೆದು ದೂರಿನ ಮುಂದೆ ‘ಪರಿಹರಿಸಲಾಗಿದೆ’ ಎಂದು ಹಾಕಿಕೊಂಡಿದ್ದೀರಿ. ಆ ಮೂರೂ ಸಾಲಿಗೆ ಇಲ್ಲಿ ಉತ್ತರವಿದೆ.

ಬೆವರಿನ ಮಾತು ಪೂರ್ತಿ ಸುಳ್ಳೇನಲ್ಲ. ಜಾಕೆಟ್ಟಿನ ಒಳಗಿನ ಆವಿ ಹೊರಹೋಗಬೇಕಾದರೆ ಹೊರಗಿನ ಗಾಳಿಯಲ್ಲಿ ಆವಿ ಕಡಿಮೆ ಇರಬೇಕು. ಜುಲೈ ತಿಂಗಳ ಕುದುರೆಮುಖದಲ್ಲೋ ಆಗುಂಬೆಯಲ್ಲೋ ಗಾಳಿಯೇ ನೀರಾಗಿರುತ್ತದೆ. ಅಲ್ಲಿ ಎಷ್ಟೇ ದುಬಾರಿ ಬಟ್ಟೆಯೂ ಅರ್ಧಂಬರ್ಧ ಉಸಿರಾಡುತ್ತದೆ. ಹಾಗಾಗಿಯೇ ಮಲೆನಾಡಿನ ಮಳೆಗೆ ಜಾಕೆಟ್ ಆರಿಸುವಾಗ ‘ಬ್ರೀದಬಲ್’ ಎಂಬ, ಬಟ್ಟೆ ಎಷ್ಟು ಆವಿ ಹೊರಬಿಡುತ್ತದೆಂದು ಹೇಳುವ ಅಂಕಿಗಿಂತ ಮೊದಲು ಕಂಕುಳ ಕೆಳಗೆ ಜಿಪ್ ಇದೆಯೇ ಎಂದು ನೋಡುವುದು. ತಮ್ಮ ಜಾಕೆಟ್ಟಿನಲ್ಲಿ ಅದಿಲ್ಲ. ಇಲ್ಲವೆಂಬುದು ಕೊಳ್ಳುವಾಗಲೇ ಗೊತ್ತಿತ್ತು, ಅದು ದೂರಲ್ಲ. ಬೆವರಿನ ತೇವ ಬೆನ್ನಿಗೆ, ಮೊಣಕೈ ಒಳಮೈಗೆ ಹರಡಿಕೊಂಡು ಮಂಜಿನಂತೆ ಕೂರುತ್ತದೆ. ಸೋರಿದ ನೀರು ಒಂದು ಗೆರೆ ಹಿಡಿದು ಬರುತ್ತದೆ. ನಮ್ಮ ಫೋಟೊಗಳಲ್ಲಿ ಇರುವುದು ಗೆರೆ.

ಆದರೂ ಅನುಮಾನ ಉಳಿಯಬಾರದೆಂದು ಮನುಷ್ಯರನ್ನೇ ಪರೀಕ್ಷೆಯಿಂದ ಹೊರಗಿಟ್ಟೆವು. ಮೂರು ಜಾಕೆಟ್ಟುಗಳನ್ನು ಪ್ಲಾಸ್ಟಿಕ್ ಹ್ಯಾಂಗರಿಗೆ ಹಾಕಿ, ಜಿಪ್ ಮೇಲಿನವರೆಗೆ ಎಳೆದು, ಒಳಗೆ ಒಣ ನ್ಯೂಸ್‌ಪೇಪರ್ ತುರುಕಿ, ಬಚ್ಚಲುಮನೆಯ ಶವರ್ ಕೆಳಗೆ ಹತ್ತು ನಿಮಿಷ ನೇತುಹಾಕಿದೆವು. ಹ್ಯಾಂಗರ್ ಬೆವರುವುದಿಲ್ಲ. ಮೂರರಲ್ಲೂ ಎದೆಯ ಎಡಭಾಗದ ಪೇಪರ್ ತೊಪ್ಪೆಯಾಗಿತ್ತು, ಎರಡರಲ್ಲಿ ಕಂಕುಳ ಕೆಳಗಿನದ್ದೂ ನೆನೆದಿತ್ತು.

ಆಮೇಲೆ ಅವುಗಳಲ್ಲೊಂದರ ಒಳಜಾಳಿಯನ್ನು ಹೊಲಿಗೆ ಬಿಚ್ಚಿ ತೆಗೆದೆವು. ಒಳಗೆ ಕಂಡದ್ದು ಇದು. ಸೂಜಿ ತೂತುಗಳನ್ನು ಒಳಗಿನಿಂದ ಮುಚ್ಚುವ ಅಂಟುಪಟ್ಟಿ, ಅಂದರೆ ಟೇಪ್, ಇರುವುದು ಭುಜದ ಹೊಲಿಗೆಗೆ ಮತ್ತು ಟೋಪಿಯ ನಡುಹೊಲಿಗೆಗೆ ಮಾತ್ರ. ಪಕ್ಕೆ, ಕಂಕುಳು, ತೋಳಿನ ಉದ್ದ, ಜೇಬಿನ ಅಂಚು ಎಲ್ಲ ಬರೀ ದಾರದ ಹೊಲಿಗೆ. ಟೇಪ್ ಇರುವಲ್ಲೂ ಭುಜದ ಹೊಲಿಗೆ ತೋಳಿನ ಹೊಲಿಗೆಯನ್ನು ಕೂಡುವ ಮೂಲೆಯಲ್ಲಿ, ಬಟ್ಟೆ ನಾಲ್ಕು ಪದರ ದಪ್ಪವಾಗುವ ಕಡೆ, ಅದು ಅಂಟದೆ ಬೆರಳುಗುರಿನಷ್ಟು ಬಾಯಿ ಬಿಟ್ಟಿದೆ. ಬೆನ್ನುಚೀಲದ ಪಟ್ಟಿ ಒತ್ತುವುದು ಸರಿಯಾಗಿ ಅಲ್ಲೇ. ತಮ್ಮ ಪುಟದಲ್ಲಿರುವ ಮಾತು: ‘ಎಲ್ಲ ಹೊಲಿಗೆಗಳಿಗೂ ಟೇಪ್’. ಒಳಗೆ ಜಾಳಿ ಇರುವುದರಿಂದ ಕೊಂಡವರು ಇದನ್ನು ನೋಡುವ ಹಾಗೇ ಇಲ್ಲ.

ಎದೆಯ ತೇವಕ್ಕೆ ಕಾರಣ ತಮ್ಮ ಲೋಗೊ. ಅದು ಅಚ್ಚು ಹಾಕಿದ್ದಲ್ಲ, ಕಸೂತಿ. ಒಂದೊಂದು ಅಕ್ಷರಕ್ಕೂ ಸೂಜಿ ಹತ್ತಾರು ಸಲ ನೀರು ತಡೆಯುವ ಕೋಟಿಂಗನ್ನು ತೂತು ಮಾಡಿಕೊಂಡು ಒಳಕ್ಕೆ ಹೋಗಿದೆ, ಹಿಂದೆ ಅದನ್ನು ಮುಚ್ಚುವ ತುಂಡು ಟೇಪೂ ಇಲ್ಲ. ದಾರ ಬತ್ತಿಯಂತೆ ನೀರನ್ನು ಹೀರಿ ಒಳಗೆ ದಾಟಿಸುತ್ತದೆ. ಜಾಳಿ ತೆಗೆದ ಜಾಕೆಟ್ಟಿನಲ್ಲಿ ಲೋಗೊ ಹಿಂದೆ ಟಿಶ್ಯೂ ಪೇಪರ್ ಒತ್ತಿಟ್ಟು ಮತ್ತೆ ಶವರ್ ಬಿಟ್ಟೆವು. ಎರಡು ನಿಮಿಷಕ್ಕೆ ತೆಗೆದರೆ ಟಿಶ್ಯೂ ಮೇಲೆ ತಮ್ಮ ಕಂಪನಿಯ ಹೆಸರು ಅಕ್ಷರ ಸಮೇತ ಒದ್ದೆಯಾಗಿ ಮೂಡಿತ್ತು. ಫೋಟೊ ಲಗತ್ತಿಸಿದೆ.

ಇನ್ನು 10,000 ಮಿ.ಮೀ. ವಿಷಯ. ಆ ಅಂಕಿ ಸಿಗುವುದು ಐಎಸ್‌ಒ 811 ರೀತಿಯ ಪರೀಕ್ಷೆಯಲ್ಲಿ: ಬಟ್ಟೆಯ ತುಂಡನ್ನು ಬಿಗಿದು ಒಂದು ಬದಿಯಿಂದ ನೀರಿನ ಒತ್ತಡ ಏರಿಸುತ್ತಾ ಹೋಗಿ, ಇನ್ನೊಂದು ಬದಿಯಲ್ಲಿ ಮೂರು ಕಡೆ ಹನಿ ಮೂಡಿದಾಗ ಬರೆದುಕೊಳ್ಳುವ ಎತ್ತರ ಅದು. ಹತ್ತು ಮೀಟರ್ ನೀರು ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೊ ಒತ್ತಡ. ತಮ್ಮ ಬಟ್ಟೆ ಅಷ್ಟನ್ನು ತಡೆಯಬಹುದು, ಅದನ್ನು ನಾವು ಅಲ್ಲಗಳೆಯುತ್ತಿಲ್ಲ. ಆದರೆ ನಾವು ಕೊಂಡದ್ದು ಹೊಲಿದ ಜಾಕೆಟ್ಟನ್ನು. ಜಾಳಿ ತೆಗೆದ ಜಾಕೆಟ್ಟಿನ ಒಂದು ತೋಳನ್ನು ಉಲ್ಟಾ ಮಾಡಿ, ಹೊರಮೈ ನೀರಿನ ಕಡೆಗೆ ಬರುವಂತೆ ಇಟ್ಟುಕೊಂಡು, ಮಣಿಕಟ್ಟಿನ ತುದಿಯನ್ನು ದಾರದಿಂದ ಬಿಗಿದು 30 ಸೆಂಟಿಮೀಟರ್ ಎತ್ತರಕ್ಕೆ ನೀರು ತುಂಬಿದೆವು. (ಉಲ್ಟಾ ಮಾಡದೆ ತುಂಬಿದರೆ ಮಳೆ ಬೀಳುವ ದಿಕ್ಕಿಗೆ ವಿರುದ್ಧವಾದ ಪರೀಕ್ಷೆಯಾಗುತ್ತದೆ.) ಒಂದು ನಿಮಿಷದೊಳಗೆ ಹೊಲಿಗೆಯುದ್ದಕ್ಕೂ ಮಣಿ ಪೋಣಿಸಿದಂತೆ ಹನಿ ಕೂತವು. ಅಲ್ಲಿದ್ದ ಒತ್ತಡ ಹೆಚ್ಚೆಂದರೆ 300 ಮಿ.ಮೀ., ತಾವು ಹೇಳುವುದರ ನೂರಕ್ಕೆ ಮೂರು ಪಾಲು. ಮಲೆನಾಡಿನಲ್ಲಿ ಮಳೆಗೆ ಬೆನ್ನ ಮೇಲೆ ಹೊದೆಯುವ ಗೊರಬಿಗೆ ಯಾವ ಪ್ರಯೋಗಾಲಯದ ಅಂಕಿಯೂ ಇಲ್ಲ. ಅದರ ಬೆನ್ನ ಮೇಲೆ ಸೂಜಿ ತೂತೂ ಇಲ್ಲ.

ಪುಟದಲ್ಲಿ ‘3 ಲೇಯರ್’ ಎಂದಿರುವುದೂ ಸರಿಯಲ್ಲ. ಮೂರು ಪದರದ ಜಾಕೆಟ್ ಎಂದರೆ ಹೊರಬಟ್ಟೆ, ನೀರು ತಡೆಯುವ ಪೊರೆ, ಒಳಬಟ್ಟೆ ಮೂರೂ ಒಂದಕ್ಕೊಂದು ಅಂಟಿ ಒಂದೇ ಬಟ್ಟೆಯಾಗಿರಬೇಕು. ತಮ್ಮದು ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಕೋಟಿಂಗ್ ಹಚ್ಚಿದ ಎರಡು ಪದರದ ಬಟ್ಟೆ, ಒಳಗೆ ಜೋತುಬಿದ್ದ ಜಾಳಿ. ಜಾಳಿಯನ್ನೂ ಪದರವೆಂದು ಎಣಿಸುವುದಾದರೆ ಅಂಗಿ ತೊಟ್ಟವರಿಗೆ ನಾಲ್ಕಾಗುತ್ತದೆ.

ಮುಂದಿನ ಜಿಪ್ ‘ವಾಟರ್‌ಪ್ರೂಫ್’ ಎಂದಿದೆ. ಪಿಯು ಲೇಪದ ಇಂಥ ಜಿಪ್‌ಗಳನ್ನು ಮಾಡುವ ವೈಕೆಕೆಯಂಥ ಕಂಪನಿಯೇ ತನ್ನ ಅಕ್ವಾಗಾರ್ಡ್ ಜಿಪ್ ನೀರನ್ನು ಜಾರಿಸುತ್ತದೆ ಎನ್ನುತ್ತದೆಯೇ ಹೊರತು ಪೂರ್ತಿ ತಡೆಯುತ್ತದೆ ಎನ್ನುವುದಿಲ್ಲ. ಅದಕ್ಕಾಗಿ ಒಳಗಡೆ ಎರಡು ಬೆರಳಗಲದ ಪಟ್ಟಿ ಬೇಕು. ತಮ್ಮದರಲ್ಲಿಲ್ಲ.

ಒಗೆದದ್ದರ ಬಗ್ಗೆ. ಕಾಲರಿನ ಚೀಟಿಯಲ್ಲಿ 30 ಡಿಗ್ರಿ ನೀರಿನಲ್ಲಿ ಒಗೆಯಬಹುದು ಎಂಬ ಗುರುತು ತಾವೇ ಹಾಕಿದ್ದೀರಿ. ಒಗೆತದಿಂದ ಸವೆಯುವುದು ಹೊರಮೈಯ ನೀರು ಜಾರಿಸುವ ಲೇಪ. ಅದು ಹೋದರೆ ನೀರು ಮುತ್ತಾಗಿ ಉರುಳದೆ ಹೊರಬಟ್ಟೆ ನೆನೆದು ಭಾರವಾಗುತ್ತದೆ, ಮೈಗೆ ತಣ್ಣಗೆ ತಾಗುತ್ತದೆ, ಬಟ್ಟೆಯ ಉಸಿರಾಟ ಕುಗ್ಗುತ್ತದೆ. ಅದರಿಂದ ಹೊಲಿಗೆಗೆ ತೂತು ಬೀಳುವುದಿಲ್ಲ. ಅಲ್ಲದೆ ಪರೀಕ್ಷೆ ಮಾಡಿದ ಮೂರರಲ್ಲಿ ಎರಡು ಒಮ್ಮೆಯೂ ಒಗೆಯದವು, ನೀರು ಅವುಗಳ ಮೇಲೆ ಈಗಲೂ ಕೆಸುವಿನೆಲೆಯ ಮೇಲಿನಂತೆ ಉರುಳುತ್ತದೆ. ಸವೆದ ಲೇಪ ಮತ್ತೆ ಚುರುಕಾಗಲು ಹದವಾದ ಬಿಸಿ ಬೇಕು: ಡ್ರೈಯರಿನ ಕಡಿಮೆ ಶಾಖ, ಇಲ್ಲವೇ ಮೇಲೊಂದು ಬಟ್ಟೆ ಹಾಸಿ ಹಗುರ ಇಸ್ತ್ರಿ. ತಮ್ಮ ವಾರಂಟಿ ಕಾರ್ಡ್ ‘ಬಿಸಿ ತಾಗಿಸಿ’ ಎನ್ನುತ್ತದೆ, ಕಾಲರಿನ ಚೀಟಿ ಡ್ರೈಯರ್ ಮತ್ತು ಇಸ್ತ್ರಿ ಎರಡರ ಮೇಲೂ ಕಾಟು ಹೊಡೆದಿದೆ. ಯಾವುದನ್ನು ಪಾಲಿಸಬೇಕು, ತಿಳಿಸಿ.

ನಮ್ಮ ಬೇಡಿಕೆ ಹೀಗಿದೆ. ಜಾಳಿ ಬಿಚ್ಚಿದ ಒಂದು ಜಾಕೆಟ್ಟಿಗೆ ಹಣ ಕೇಳುತ್ತಿಲ್ಲ. ಉಳಿದ 11ಕ್ಕೆ ₹38,489 ಮರಳಿಸಬೇಕು, ವಾಪಸ್ ಸಾಗಿಸುವ ಖರ್ಚು ತಮ್ಮದು. ಬದಲಿ ಜಾಕೆಟ್ ಬೇಡ. ಅದೇ ಮಾದರಿಯಲ್ಲಿ ಅದೇ ಕಸೂತಿ ಇರುತ್ತದೆ. ಹತ್ತು ದಿನದ ವಾಪಸಾತಿ ಅವಧಿ ಮುಗಿದಿದೆ ಎಂಬ ಉತ್ತರವೂ ಬೇಡ, ಕೇಳುತ್ತಿರುವುದು ಪುಟದಲ್ಲಿ ಅಚ್ಚಾಗಿರುವ 12 ತಿಂಗಳ ವಾರಂಟಿಯ ಪ್ರಕಾರ. ಜೊತೆಗೆ ಮಾರಾಟದ ಪುಟದಲ್ಲಿ ಟೇಪ್ ಯಾವ ಯಾವ ಹೊಲಿಗೆಗೆ ಇದೆ, ಬಟ್ಟೆ ಎಷ್ಟು ಪದರ, 10,000 ಯಾವ ಪರೀಕ್ಷೆಯದು, ಅದು ಒಗೆಯುವ ಮೊದಲಿನದೋ ನಂತರದ್ದೋ ಎಂಬುದನ್ನು ಬರೆಯಿರಿ. ಉಸಿರಾಟದ ಅಂಕಿಗೂ ಪರೀಕ್ಷೆಯ ಹೆಸರು ಬೇಕು. ವಿಧಾನ ಬದಲಾದರೆ ಒಂದೇ ಬಟ್ಟೆಗೆ ಬೇರೆಬೇರೆ ಅಂಕಿ ಬರುತ್ತದೆ.

ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಈ ಪತ್ರ ತಲುಪಿದ್ದನ್ನು ತಾವು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಇಲ್ಲದಿದ್ದರೆ 1915 ಸಹಾಯವಾಣಿಯಲ್ಲಿ ದಾಖಲಿಸಿ, ಬೆಂಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ‘ಎಲ್ಲ ಹೊಲಿಗೆಗಳಿಗೂ ಟೇಪ್’ ಎಂಬ ಸಾಲು ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಹೇಳುವ ದಾರಿ ತಪ್ಪಿಸುವ ಜಾಹೀರಾತು ಎಂದೇ ನಮ್ಮ ವಾದ. ಆ ಪುಟದ ಜುಲೈ 3ರ ಸ್ಕ್ರೀನ್‌ಶಾಟ್ ನಮ್ಮ ಬಳಿ ಇದೆ.

ಜಾಳಿ ಬಿಚ್ಚಿದ ಜಾಕೆಟ್ಟನ್ನು ತೆಗೆದಿರಿಸಿದ್ದೇವೆ. ತಮ್ಮ ಗುಣಮಟ್ಟ ವಿಭಾಗದವರು ಮುಂಚೆ ತಿಳಿಸಿ ಬಂದರೆ, ಅದೇ ಹ್ಯಾಂಗರ್, ಅದೇ ಶವರ್ ಕೆಳಗೆ ಅವರೆದುರೇ ಮತ್ತೊಮ್ಮೆ ತೋರಿಸುತ್ತೇವೆ.

ಇಂತಿ,
ಚಾರಣ ತಂಡದ ಪರವಾಗಿ

ಲಗತ್ತು: ಬಿಲ್ ಪ್ರತಿ, ಜುಲೈ 2ರ ತಮ್ಮ ಉತ್ತರ, ಜುಲೈ 3ರ ಸ್ಕ್ರೀನ್‌ಶಾಟ್, 14 ಫೋಟೊ, ತೋಳಿನ ಪರೀಕ್ಷೆಯ ವಿಡಿಯೊ.