ಗ್ರಬ್ ಕೂರಲು ಜಾಗ ಬೇಕು

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೊ ನೋಡಿದೆ. ಲಿನಕ್ಸ್ ಮಿಂಟ್ (ವಿಂಡೋಸ್‌ನ ಹಾಗೆ ಒಂದು ಉಚಿತ ಆಪರೇಟಿಂಗ್ ಸಿಸ್ಟಂ) ಹಾಕುವಾಗ ಫೈಲುಗಳೆಲ್ಲ ಕಾಪಿಯಾಗಿ, ಕಟ್ಟಕಡೆಗೆ ‘ಗ್ರಬ್ ಇನ್‌ಸ್ಟಾಲ್ ಫೇಲ್ಡ್’ ಅಂತ ನಿಂತಿದೆ. ಆ ಕೋರ್ 2 ಡ್ಯುವೊ ಡೆಸ್ಕ್‌ಟಾಪನ್ನು ಗುಜರಿಗೆ ಹಾಕುವ ಮಾತು ಈಗಲೇ ಬೇಡ. ಅಲ್ಲಿವರೆಗೆ ಬಂದಿದೆ ಅಂದರೆ ಪ್ರೊಸೆಸರ್ 64 ಬಿಟ್‌ನದು, ಪೆನ್‌ಡ್ರೈವ್ ಸರಿಯಿದೆ, ಡಿಸ್ಕ್ ಬರೆಸಿಕೊಳ್ಳುತ್ತಿದೆ. ಉಳಿದದ್ದು ಬೂಟ್‌ಲೋಡರ್ ಒಂದೇ, ಅಂದರೆ ಕಂಪ್ಯೂಟರ್ ಆನ್ ಆದಾಗ ಆಪರೇಟಿಂಗ್ ಸಿಸ್ಟಂ ಎಬ್ಬಿಸುವ ಪ್ರೋಗ್ರಾಂ; ಅದರ ಹೆಸರೇ ಗ್ರಬ್. ಇನ್ನೊಂದು ಲಿನಕ್ಸ್ ಆದ ಉಬುಂಟು ತಂದು ಹಾಕಿದರೂ ಇಲ್ಲಿಗೇ ಬಂದು ನಿಲ್ಲಬಹುದು.

ನಿನ್ನ ಮದರ್‌ಬೋರ್ಡಿನಲ್ಲಿ ಆನ್ ಆದೊಡನೆ ಮೊದಲು ಓಡುವ ಪ್ರೋಗ್ರಾಂ ಹೊಸ ಬಗೆಯ ಯುಇಎಫ್‌ಐ ಅಲ್ಲ, ಹಳೆಯ ಬಯೋಸ್. ಅದು ಡಿಸ್ಕಿನ ಮೊದಲ ಸೆಕ್ಟರನ್ನಷ್ಟೇ ಓದಿ ಓಡಿಸುತ್ತದೆ. ಬರೀ 512 ಬೈಟ್. ಅಷ್ಟರಲ್ಲಿ ಗ್ರಬ್ ಹಿಡಿಸುವುದಿಲ್ಲ. ಡಿಸ್ಕಿನ ಭಾಗಗಳ (ಪಾರ್ಟಿಶನ್) ಪಟ್ಟಿ ಹಳೆಯ ಎಂಬಿಆರ್ ಬಗೆಯದಾದರೆ ಮೊದಲ ಪಾರ್ಟಿಶನ್ ಶುರುವಾಗುವ ಮುಂಚೆ ಸಾಮಾನ್ಯವಾಗಿ 1 ಎಂಬಿ ಖಾಲಿ ಇರುತ್ತದೆ, ಗ್ರಬ್‌ನ ಮಿಕ್ಕ ಭಾಗ ಅಲ್ಲಿ ಕೂರುತ್ತದೆ. ನೀನು ಹಾಕಿರುವ 500 ಜಿಬಿ ಡಿಸ್ಕ್ ಹೊಸ ಲ್ಯಾಪ್‌ಟಾಪಿನಿಂದ ಬಿಚ್ಚಿದ್ದು, ಜಿಪಿಟಿ ಎಂಬ ಹೊಸ ಬಗೆಯ ಪಟ್ಟಿಯದು. ಅದರಲ್ಲಿ ಮೊದಲ ಸೆಕ್ಟರಿನ ಬೆನ್ನಿಗೇ ಆ ಪಟ್ಟಿ (ಪಾರ್ಟಿಶನ್ ಟೇಬಲ್) ಬಂದು ಕೂತಿದೆ. ಹಾಗಾಗಿ ಗ್ರಬ್‌ಗೆ ಬೇರೆ ಜಾಗ ತೋರಿಸಬೇಕು.

ಡಿಸ್ಕಿನಲ್ಲಿ ಬೇಕಾದದ್ದೇನೂ ಇಲ್ಲವಾದರೆ ಕೆಲಸ ಸುಲಭ. ಪೆನ್‌ಡ್ರೈವಿನಿಂದಲೇ ಮಿಂಟ್ ಓಡಿಸಿ (ಲೈವ್ ಬೂಟ್), ಡಿಸ್ಕನ್ನು ಪಾಲು ಮಾಡುವ ಜಿಪಾರ್ಟೆಡ್ ತೆರೆ. ಅಳತೆ ನೋಡಿ ಸರಿಯಾದ ಡಿಸ್ಕೇ ಎಂದು ಖಾತ್ರಿ ಮಾಡಿಕೊ. ಮೆಮೊರಿ ಸಾಲದಾದಾಗ ಬಳಸುವ ಸ್ವಾಪ್ ಪಾರ್ಟಿಶನ್ ಮೇಲೆ ಕೀಲಿಯ ಗುರುತು ಕಂಡರೆ ರೈಟ್ ಕ್ಲಿಕ್ ಮಾಡಿ ಮೊದಲು ಸ್ವಾಪ್‌ಆಫ್ ಕೊಡು, ಇಲ್ಲದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಆಮೇಲೆ ಡಿವೈಸ್ ಮೆನುವಿನಲ್ಲಿ ‘ಕ್ರಿಯೇಟ್ ಪಾರ್ಟಿಶನ್ ಟೇಬಲ್’, ಬಗೆ ‘ಎಂಎಸ್‌ಡಾಸ್’ (ಎಂಬಿಆರ್‌ಗೆ ಇಲ್ಲಿರುವ ಹೆಸರು). ಇದರಿಂದ ಇಡೀ ಡಿಸ್ಕ್ ಅಳಿಸಿಹೋಗುತ್ತದೆ, ನೆನಪಿರಲಿ. ಹಳೆಯ ಡೇಟಾ ಉಳಿಯಬೇಕೆಂದಿದ್ದರೆ ಜಿಪಿಟಿಯನ್ನು ಹಾಗೇ ಬಿಟ್ಟು, ಖಾಲಿ ಜಾಗದಲ್ಲಿ 1 ಎಂಬಿಯ ಪಾರ್ಟಿಶನ್ ಮಾಡಿ, ಫಾರ್ಮ್ಯಾಟ್ ಮಾಡದೆ, ‘ಬಯೋಸ್ ಗ್ರಬ್’ ಫ್ಲ್ಯಾಗ್ ಹಾಕು. ಗ್ರಬ್ ಅದನ್ನು ತಾನೇ ಹುಡುಕಿಕೊಳ್ಳುತ್ತದೆ.

ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ. ಮತ್ತೆ ಇನ್‌ಸ್ಟಾಲ್ ಮಾಡುವಾಗ, ಪಾರ್ಟಿಶನ್ ನಾವೇ ಆರಿಸುವ ‘ಸಮ್‌ಥಿಂಗ್ ಎಲ್ಸ್’ ಪುಟದ ಕೆಳಗೆ ಬೂಟ್‌ಲೋಡರ್ ಎಲ್ಲಿಗೆ ಎಂದು ಕೇಳುತ್ತದಲ್ಲ, ಅಲ್ಲಿ ಇಡೀ ಡಿಸ್ಕನ್ನು ಆರಿಸು: ‘ಎಸ್‌ಡಿಎ’, ಅದರ ಮೊದಲ ಪಾರ್ಟಿಶನ್ ಆದ ‘ಎಸ್‌ಡಿಎ1’ ಅಲ್ಲ. ಕೆಲವು ಹಳೆಯ ಯಂತ್ರಗಳಲ್ಲಿ ಪೆನ್‌ಡ್ರೈವೇ ‘ಎಸ್‌ಡಿಎ’ ಆಗಿ, ಡಿಸ್ಕ್ ‘ಎಸ್‌ಡಿಬಿ’ ಆಗಿರುತ್ತದೆ. ಗ್ರಬ್ ಪೆನ್‌ಡ್ರೈವಿಗೆ ಹೋಗಿ ಕೂತರೆ, ಅದನ್ನು ಕಿತ್ತ ಕೂಡಲೇ ಕಂಪ್ಯೂಟರ್ ಬೂಟ್ ಆಗುವುದು ನಿಲ್ಲುತ್ತದೆ. ಇಲ್ಲೂ ಅಳತೆ ನೋಡಿಯೇ ಆರಿಸು.

ಕಾಪಿ ಆಗುವಾಗಲೇ ಎರರ್ ಬಂದರೆ ಮಾತ್ರ ಹಾರ್ಡ್‌ವೇರ್ ಕಡೆ ತಿರುಗು. ‘ಡಿಸ್ಕ್ಸ್’ ಆ್ಯಪಿನಲ್ಲಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕ, ‘ಸ್ಮಾರ್ಟ್’ ವಿವರ ಸಿಗುತ್ತದೆ. ಪೆಂಡಿಂಗ್ ಸೆಕ್ಟರ್ (ಓದಲಾಗದ ಜಾಗ) ಏರುತ್ತಿದ್ದರೆ ಡಿಸ್ಕ್ ಬದಲಿಸು. ಸಿಆರ್‌ಸಿ ಎರರ್ (ಡೇಟಾ ಸಾಗುವಾಗಿನ ತಪ್ಪು) ಏರುತ್ತಿದ್ದರೆ ಮೊದಲು ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ ನೋಡು. 2 ಜಿಬಿ ರ್‍ಯಾಮ್ ಮಿಂಟ್‌ಗೆ ಕನಿಷ್ಠ, 4 ಮಾಡಿದರೆ ಒಳ್ಳೆಯದು. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನ ಸಿಆರ್2032 ಬ್ಯಾಟರಿ ಹಾಕಿಸು. ತಾರೀಖು ತಪ್ಪಿದರೆ ಅಪ್‌ಡೇಟ್‌ಗಳು ಕೈಕೊಡಬಹುದು.

ಮತ್ತೆ ನಿಂತರೆ ಎರರ್ ಫೋಟೊ ಜೊತೆಗೆ ಜಿಪಾರ್ಟೆಡ್ ಪರದೆಯದ್ದೂ ಒಂದು ಕಳಿಸು.

ಇತಿ ನಿನ್ನ ಗೆಳೆಯ