ಹೈಸ್ಕೂಲು ಬದಲಿಸುವ ಮುನ್ನ ಸೀಟಿನ ಲೆಕ್ಕ ನೋಡಿ

ಮಾನ್ಯರೇ,

ಏಳನೇ ತರಗತಿ ಮುಗಿದ ಮಕ್ಕಳಿಗೆ ಪ್ರವೇಶ ಪರೀಕ್ಷೆ ಬರೆಸಿ, ಮಂಡ್ಯದ ಹಳ್ಳಿಗಳಿಂದ ಮೈಸೂರಿನ ಹೆಸರಾಂತ ಹೈಸ್ಕೂಲುಗಳಿಗೆ ಸೇರಿಸುವುದು ಈಗ ಸಾಮಾನ್ಯ. ಅಲ್ಲಿ ಓದಿದರೆ ಎಂಜಿನಿಯರಿಂಗ್ ಸೀಟು ಸಲೀಸು ಎಂಬ ನಂಬಿಕೆ ಪೋಷಕರದು.

ಆದರೆ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ರ‍್ಯಾಂಕ್ ಪಟ್ಟಿ ಮಾಡುವಾಗ ಶಾಲೆಯ ಹೆಸರನ್ನು ನೋಡುವುದೇ ಇಲ್ಲ, ಎಸ್ಸೆಸ್ಸೆಲ್ಸಿಯ 625 ಅಂಕವನ್ನೂ ಸೇರಿಸುವುದಿಲ್ಲ. ದ್ವಿತೀಯ ಪಿಯುವಿನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ 300 ಅಂಕಕ್ಕೆ ಅರ್ಧ ಪಾಲು, ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಯ 180 ಅಂಕಕ್ಕೆ ಇನ್ನರ್ಧ. ಪಿಯುವಿನಲ್ಲಿ 270 (ಶೇ 90), ಸಿಇಟಿಯಲ್ಲಿ 90 (ಶೇ 50) ಬಂದವರ ಸರಾಸರಿ 70. ಸಿಇಟಿಯಲ್ಲಿ 6 ಅಂಕ ಹೆಚ್ಚಾದರೆ ಸಿಗುವ ಲಾಭಕ್ಕೆ ಪಿಯುವಿನಲ್ಲಿ 10 ಅಂಕ ಹೆಚ್ಚು ಬೇಕು. ವೈದ್ಯಕೀಯಕ್ಕಂತೂ ರ‍್ಯಾಂಕ್ ನೀಟ್ ಅಂಕದಿಂದಲೇ.

ಹೈಸ್ಕೂಲು ಬದಲಿಸಿದ್ದರಿಂದ ಆಗುವ ನಷ್ಟ ಬಹಳ ಪೋಷಕರಿಗೆ ತಿಳಿಯುವುದು ಸಿಇಟಿ ಅರ್ಜಿ ತುಂಬುವಾಗ. ಸರ್ಕಾರಿ ಕೋಟಾದಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಇದೆ. ಒಂದರಿಂದ ಹತ್ತನೇ ತರಗತಿವರೆಗಿನ ಹತ್ತೂ ವರ್ಷ ಮೊದಲನೆಯದಕ್ಕೆ ಗ್ರಾಮೀಣ ಶಾಲೆಯಲ್ಲಿ, ಎರಡನೆಯದಕ್ಕೆ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಒಂದು ವರ್ಷ ತಪ್ಪಿದರೂ ಅರ್ಹತೆ ಹೋಯಿತು. ಗ್ರಾಮೀಣಕ್ಕೆ ಲೆಕ್ಕ ಶಾಲೆ ಇರುವ ಜಾಗ, ಮನೆ ಇರುವ ಜಾಗವಲ್ಲ. ಊರಲ್ಲೇ ಇದ್ದು ದಿನಾ ಬಸ್ಸಿನಲ್ಲಿ ಮಳವಳ್ಳಿಯೋ ಪಾಂಡವಪುರವೋ, ಅಂಥ ಪಟ್ಟಣಕ್ಕೆ ಹೋಗಿ ಓದಿದ ಮಗುವಿಗೂ ಇದು ಸಿಗದು. ಸರ್ಕಾರದ್ದೇ ಆದ ಆದರ್ಶ ವಿದ್ಯಾಲಯ ಸೇರಿದವರಿಗೆ, ಶಾಲೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಗ್ರಾಮೀಣ ಉಳಿಯುತ್ತದೆ, ಪಾಠ ಇಂಗ್ಲಿಷಿನಲ್ಲಾದ್ದರಿಂದ ಕನ್ನಡ ಮಾಧ್ಯಮ ಹೋಗುತ್ತದೆ.

ಪಿಯುಗೆ ಈ ನಿರ್ಬಂಧವಿಲ್ಲ. ಹತ್ತರವರೆಗೆ ಊರ ಶಾಲೆಯಲ್ಲೇ ಓದಿಸಿ, ಪಿಯುಗೆ ಮೈಸೂರಿಗೆ ಕಳಿಸಿದರೆ ಮೀಸಲಾತಿಯೂ ಉಳಿಯುತ್ತದೆ, ಸಿಇಟಿ ತರಬೇತಿಯೂ ಸಿಗುತ್ತದೆ. ಊರ ಶಾಲೆಯಲ್ಲಿ ಗಣಿತದ ಶಿಕ್ಷಕರೇ ಇಲ್ಲದಿದ್ದರೆ ಮಾತು ಬೇರೆ. ಎಂಟರಿಂದ ಹತ್ತರ ಗಣಿತ ಸಡಿಲವಾದರೆ ಪಿಯುವಿನಲ್ಲಿ ಅದನ್ನು ತುಂಬುವುದು ಕಷ್ಟ. ಆಗ ಹೊರಗೆ ಕಳಿಸುವುದೇ ಸರಿ. ಆದರೆ ಫಲಿತಾಂಶದ ಫ್ಲೆಕ್ಸ್ ನೋಡಿ ಕಳಿಸಬೇಡಿ. ಆ ಶಾಲೆಗಳು ಪ್ರವೇಶ ಪರೀಕ್ಷೆಯಲ್ಲಿ ಆರಿಸಿಕೊಂಡ ಮಕ್ಕಳು ಮೊದಲೇ ಮುಂದಿದ್ದವರು. ಪರೀಕ್ಷೆ ಬರೆದವರು ಒಟ್ಟು ಎಷ್ಟು, ಕೊನೆಯವರ ಅಂಕ ಎಷ್ಟು ಎಂದು ಕೇಳಿ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಎರಡು ಮೂರು ಶಾಲೆಗಳಲ್ಲಿ ಓದಿದ್ದರೆ ಪ್ರತಿ ಶಾಲೆಯ ದಾಖಲೆಯನ್ನೂ ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲೇ ಪಡೆದಿಟ್ಟುಕೊಳ್ಳಿ. ಏಳನೇ ತರಗತಿಯ ಟಿಸಿ ಕೊಡುವಾಗಲೇ ಪೋಷಕರಿಗೆ ಈ ನಿಯಮ ಹೇಳುವಂತೆ ಶಿಕ್ಷಣ ಇಲಾಖೆ ಮುಖ್ಯ ಶಿಕ್ಷಕರಿಗೆ ಸೂಚಿಸಬೇಕು.

– ನಿವೃತ್ತ ಪಿಯು ಉಪನ್ಯಾಸಕ, ಮಂಡ್ಯ